ಮೂರು ಸಲವೋ, ನಾಲ್ಕು ಸಲವೋ

ಒಂದು ಊರಿನ ನಾಲ್ಕು ರಸ್ತೆ ಕೂಡುವಲ್ಲಿ, ಗಾರೆಯ ಕಂಬದ ಮೇಲೆ, ಹಳೆಯ ಯುದ್ಧವಿಮಾನವೊಂದು ಮೂಗೆತ್ತಿ ನಿಂತಿತ್ತು. ವರ್ಷವರ್ಷವೂ ಬಳಿದ ಬೆಳ್ಳಿ ಬಣ್ಣ ಅದರ ಮೇಲೆ ಬೆರಳು ದಪ್ಪ ಕೂತಿತ್ತು. ಊರನ್ನು ಉಳಿಸಿದ್ದು ಅದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯುದ್ಧದ ಕೊನೆಯ ದಿನ ಅದು ಎಷ್ಟು ಸಲ ಹಾರಿತು ಎಂಬುದಷ್ಟೇ ಇತ್ಯರ್ಥವಾಗಿರಲಿಲ್ಲ. ಮೀಸೆಯ ಮೇಷ್ಟ್ರು ಮೂರು ಸಲ ಎನ್ನುತ್ತಿದ್ದರು. ಕನ್ನಡಕದ ಮೇಷ್ಟ್ರು ನಾಲ್ಕು ಸಲ ಎನ್ನುತ್ತಿದ್ದರು. ಇಬ್ಬರ ಮನೆತನಗಳ ನಡುವೆ ಹೆಣ್ಣು ಕೊಟ್ಟು ತರುವುದೂ ನಿಂತುಹೋಗಿತ್ತು.

ಕಡೆಗೆ ಪುರಸಭೆ ತೀರ್ಮಾನಿಸಿತು: ಒಳಗೆ ಹಾರಾಟದ ಲೆಕ್ಕವೇನಾದರೂ ಸಿಕ್ಕೀತೆಂದು ವಿಮಾನವನ್ನು ಇಳಿಸಿ ಬಿಚ್ಚಿ ನೋಡುವುದು, ಗೆದ್ದವರಿಗೆ ಶಾಲು ಹೊದಿಸುವುದು. ಶಾಲು ಬಂತು. ಏಣಿ ಹೊತ್ತು ಮುದುಕ ಬಡಗಿಯೂ ಬಂದ.

ಆಗ ವಿಮಾನದ ಹೊಟ್ಟೆಯಿಂದ ಗುಬ್ಬಚ್ಚಿಯೊಂದು ಇಣುಕಿತು. "ದಮ್ಮಯ್ಯ, ಹತ್ತು ದಿನ ತಾಳಿ. ಒಳಗೆ ನಾಲ್ಕು ಮರಿಗಳಿವೆ, ರೆಕ್ಕೆ ಬಲಿತಿಲ್ಲ."

"ಇತಿಹಾಸ ನಿನ್ನ ಬಾಣಂತನಕ್ಕೆ ಕಾಯುತ್ತೇನಮ್ಮ?" ಎಂದರು ಮೀಸೆಯ ಮೇಷ್ಟ್ರು.

"ಇಳಿಸಿ ಏನು ನೋಡ್ತೀರಿ? ಇದು ಹಾರೇ ಇಲ್ಲ."

"ನೀನು ಆಗ ಹುಟ್ಟಿದ್ಯಾ?" ಎಂದರು ಕನ್ನಡಕದ ಮೇಷ್ಟ್ರು. ಇಪ್ಪತ್ತು ವರ್ಷದಲ್ಲಿ ಇಬ್ಬರೂ ಒಂದೇ ಕಡೆ ನಿಂತದ್ದು ಅದೇ ಮೊದಲು.

"ಇಲ್ಲ ಸ್ವಾಮಿ. ತಗಡಾಗಿದ್ದರೆ ಈ ಬಿಸಿಲಿಗೆ ನನ್ನ ಮೊಟ್ಟೆಗಳು ಬೆಂದುಹೋಗುತ್ತಿದ್ದವು. ಇದು ಮರ. ಒಳಗೆ ತಣ್ಣಗಿದೆ."

ಮೀಸೆಯ ಮೇಷ್ಟ್ರು ಏಣಿ ಹತ್ತಿ ಬೆರಳ ಗೆಣ್ಣಿನಿಂದ ತಟ್ಟಿದರು. ಬಾಗಿಲು ಬಡಿದ ಸದ್ದು ಬಂತು.

"ನಮ್ಮಪ್ಪನ ಕೆಲಸ," ಎಂದ ಬಡಗಿ. "ಬಯಲಲ್ಲಿ ಇದನ್ನ ನಿಲ್ಲಿಸಿ, ನಿಜವಾದ ವಿಮಾನಗಳನ್ನ ಮಾವಿನ ತೋಪಲ್ಲಿ ಬಚ್ಚಿಟ್ಟಿದ್ರು. ಶತ್ರು ಬಾಂಬೆಲ್ಲ ಇದರ ಮೇಲೇ ಸುರಿದ. ಮುರಿದಾಗೆಲ್ಲ ಅಪ್ಪ ಹೊಸ ರೆಕ್ಕೆ ಜೋಡಿಸಿ ನಿಲ್ಲಿಸ್ತಿದ್ದ. ಕೊನೆಗೆ ಬಾಂಬಿಗೆ ಸಿಕ್ಕಿ ಇದರ ಪಕ್ಕದಲ್ಲೇ ಹೋದ."

"ಇಷ್ಟು ದಿನ ಯಾಕಯ್ಯ ಹೇಳಲಿಲ್ಲ?" ಎಂದರು ಮೀಸೆಯ ಮೇಷ್ಟ್ರು, ಏಣಿ ಇಳಿದು.

"ಎಷ್ಟು ಸಲ ಹಾರಿತು ಅಂತ ಕೇಳ್ತಿದ್ರಿ. ಹಾರಿತಾ ಅಂತ ಯಾರು ಕೇಳಿದ್ರಿ?"

ಆಮೇಲೆ ಕನ್ನಡಕದ ಮೇಷ್ಟ್ರು ಚಪ್ಪಲಿ ಬಿಟ್ಟು ಕಂಬಕ್ಕೆ ಕೈಮುಗಿದರು. ಮೀಸೆಯ ಮೇಷ್ಟ್ರು ಶಾಲನ್ನು ಬಡಗಿಗೆ ಹೊದಿಸಹೋದರು. "ಈ ಸೆಕೆಗೆ ಇದೊಂದು ಕೇಡು," ಎಂದು ಅವನು ಶಾಲನ್ನು ಸರಿಸಿ, ಕಣ್ಣೊರೆಸಿಕೊಂಡು ಏಣಿ ಎತ್ತಿಕೊಂಡ.

ಹತ್ತನೆಯ ದಿನ ಬೆಳಗ್ಗೆ ಇಡೀ ಊರು ಕಂಬದ ಸುತ್ತ ನೆರೆಯಿತು. ಒಂದು ಮರಿ ಹಾರಿತು. ಹಿಂದೆಯೇ ಇನ್ನೊಂದು. ಮೂರನೆಯದು ಮುಗ್ಗರಿಸಿ, ಸಾವರಿಸಿಕೊಂಡು ಹಾರಿತು. ನಾಲ್ಕನೆಯದು ಮರದ ರೆಕ್ಕೆಯ ತುದಿಗೆ ಬಂದು, ಕೆಳಗೆ ನೋಡಿ, ಅಲ್ಲೇ ಕೂತಿತು.

"ಮೂರೇ," ಎಂದರು ಮೀಸೆಯ ಮೇಷ್ಟ್ರು, ಶಾಲಿನ ಒಂದು ಅಂಚನ್ನು ಬಿಗಿಯಾಗಿ ಹಿಡಿದು.

"ಸುಮ್ನಿರ್ರೀ, ನಾಲ್ಕು," ಎಂದರು ಕನ್ನಡಕದ ಮೇಷ್ಟ್ರು, ಇನ್ನೊಂದು ಅಂಚನ್ನು ಮರಿ ಬಿದ್ದರೆ ಸಿಗುವಂತೆ ಅದರ ನೇರಕ್ಕೆ ಎಳೆಯುತ್ತ.