ಫೆಂಗ್ ಮೇಷ್ಟ್ರ ಕಿವಿ

ಹಾಡು ಇನ್ನೂ ಅರ್ಧ ಆಗಿರಲಿಲ್ಲ, ಪಾಂಗ್ ಯೂ ಇಯರ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟ. ಮೆಲ್ಲಗೇ ಇಟ್ಟ. ಆದರೆ ಆ ಕೋಣೆಯಲ್ಲಿ ಹಾಡನ್ನು ನಡುವೆ ಬಿಡುವುದೆಂದರೆ ಕರೆದವರ ಮನೆಯಲ್ಲಿ ಅರ್ಧ ಊಟಕ್ಕೆ ಎದ್ದು ಕೈ ತೊಳೆದ ಹಾಗೆ. ಸುತ್ತ ಕೂತವರು ಒಬ್ಬೊಬ್ಬರಾಗಿ ಚಹಾದ ಬಟ್ಟಲು ಕೆಳಗಿಟ್ಟರು.

ಚೀನಾದ ದೊಂಗ್ವಾನ್ ನಗರದ ಆ ಚಹಾದಂಗಡಿಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರುವ ಇವರನ್ನು ಕೆಳಗಿನ ಅಡುಗೆಯವರು ಕಿವಿಹುಚ್ಚರು ಎಂದು ಕರೆಯುತ್ತಿದ್ದರು. ಕರೆದರೆ ತಪ್ಪೇನಿಲ್ಲ. ಒಬ್ಬೊಬ್ಬನೂ ಇಯರ್‌ಫೋನಿನ ತುದಿಗೆ ಹಾಕುವ, ತನ್ನ ಕಿವಿಗೆ ಸರಿಯಾಗಿ ಕೂರುವ ರಬ್ಬರ್ ಟೊಪ್ಪಿಗೆಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡೇ ಬರುತ್ತಿದ್ದ. ಮೊದಲು ತಯಾರಿಕೆಯ ಪರೀಕ್ಷೆ: ಇಯರ್‌ಫೋನಿನ ಹೊರಚಿಪ್ಪಿನ ಅಂಚಿನ ಮೇಲೆ ಉಗುರು ಎಳೆಯುವುದು, ಕೇಬಲನ್ನು ಅಂಗಿಗೆ ಉಜ್ಜಿ ಕಿವಿಯೊಳಗೆ ಕರಕರ ಬರುತ್ತದೆಯೇ ಎಂದು ನೋಡುವುದು, ಕೇಬಲಿನ ಪಿನ್ನನ್ನು ಕಳಚಿ ಮತ್ತೆ ಸಿಕ್ಕಿಸುವುದು. ಆಮೇಲೆ ಹಾಡು. ಒಬ್ಬ ಕೇಳುವಾಗ ಇನ್ನೊಬ್ಬ ಬಾಯಿ ತೆರೆಯುವಂತಿಲ್ಲ, ಬುಟ್ಟಿಯಲ್ಲಿ ಸೀಗಡಿ ಕಡುಬು ತಣ್ಣಗಾದರೂ ಸರಿ. ತಂತಿಯಿಲ್ಲದ ಇಯರ್‌ಫೋನಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ.

ಗುಂಪಿಗೆ ಹಿರಿಯ ಕೋಂಗ್. ರೇಡಿಯೊದಲ್ಲಿ ಧ್ವನಿಮುದ್ರಣ ಮಾಡಿ ನಿವೃತ್ತನಾದವನು. ಅವನು ಚೆನ್ನಾಗಿದೆ ಎಂದು ನಾಲ್ಕು ಸಾಲು ಬರೆದರೆ ಎಲ್ಲೆಲ್ಲಿಂದಲೋ ಜನ ಕೊಳ್ಳುತ್ತಿದ್ದರು. ಅಲ್ಲೇ ಕೂತಿದ್ದ ಫೆಂಗ್ ಶೌಲಿ ಮಾಡಿದ ಇಯರ್‌ಫೋನಿನ ಬಗ್ಗೆ ಹೋದ ವರ್ಷ ಹಾಗೆ ಬರೆದಿದ್ದ. ಮನೆಯಲ್ಲೇ ಗಂಡ ಹೆಂಡತಿ ಇಬ್ಬರೇ ಕೂತು ನಡೆಸುವ ಫೆಂಗನ ಕಾರ್ಖಾನೆ ಆ ನಾಲ್ಕು ಸಾಲಿನ ಮೇಲೆಯೇ ನಿಂತಿತ್ತು.

ಗುಂಪಿಗೆ ಕಿರಿಯನಾದ ಪಾಂಗ್ ಯೂ ಈಗ ಕಿತ್ತಿಟ್ಟದ್ದೂ ಫೆಂಗನದೇ. ಏಕೆ ಕಿತ್ತಿಟ್ಟ ಎಂಬುದು ಫೆಂಗನ ಪಕ್ಕ ಕೂತಿದ್ದ ಹೆಂಡತಿ ಯೂಚಿನ್‌ಗೆ ಮಾತ್ರ ಗೊತ್ತಿತ್ತು. ಗಂಡ ಅದನ್ನು ಜೇಬಿನಿಂದ ತೆಗೆದಾಗಲೇ ಅವಳು ಅದರ ಕೇಬಲ್ ಸುತ್ತಿದ ರೀತಿ ಗಮನಿಸಿದ್ದಳು. ಅವಳು ಕೇಬಲನ್ನು ಯಾವಾಗಲೂ ಎರಡು ಬೆರಳಿಗೆ ಅಡ್ಡಡ್ಡ ಸುತ್ತುವವಳು. ಇದು ಉಂಡೆಯಾಗಿ ಸುತ್ತಿದ್ದು, ಗಂಡನ ಸುತ್ತು. ಅಂದರೆ ಅವಳ ಕೈಗೆ ಬಾರದೆ ನೇರ ಅವನ ಮೇಜಿನಿಂದ ಜೇಬು ಸೇರಿದ್ದು. "ಅಂಗಡಿಗೆ ಹೋಗೋ ಮಾಲಿಂದಾನೇ ಒಂದು ಎತ್ಕೊಂಡು ಬಂದೆ, ಕೇಳಿ ನೋಡಿ" ಎಂದು ಅವನು ಜಂಬದಿಂದ ಕೊಟ್ಟೂ ಬಿಟ್ಟ. ತಡೆಯಬಹುದಿತ್ತು. ಆದರೆ ಏನೆಂದು ಹೇಳಿ ತಡೆಯುವುದು?

ಫೆಂಗ್ ಹಿಂದೆ ದೊಡ್ಡ ಕಾರ್ಖಾನೆಯೊಂದರಲ್ಲಿ ಧ್ವನಿಯ ಹದ ನೋಡುವ ಮೇಷ್ಟ್ರಾಗಿದ್ದವನು. ಯಂತ್ರ ಸರಿ ಎಂದದ್ದನ್ನು ಅವನ ಕಿವಿ ಸರಿಯಿಲ್ಲ ಎಂದರೆ ಮಾಲು ಅಲ್ಲೇ ನಿಲ್ಲುತ್ತಿತ್ತು. ಯೂಚಿನ್ ಅಲ್ಲಿಯೇ ಸಾಲಿನಲ್ಲಿ ಕೂತು ಎಡ ಬಲ ಕೇಳಿ ಜೋಡಿ ಹೊಂದಿಸುತ್ತಿದ್ದಳು. ಅವನ ಕಿವಿ ನೋಡಿ ಮದುವೆಯಾದಳು ಎಂದು ಗೆಳತಿಯರು ಆಡಿಕೊಂಡರು, ಅದು ಸುಳ್ಳೂ ಅಲ್ಲ. ಆ ಕಿವಿಯ ಜೊತೆ ಸಂಸಾರ ಮಾಡುವುದು ಮಾತ್ರ ಸುಲಭವಿರಲಿಲ್ಲ. ಗೋಡೆಗೆ ಸಿಕ್ಕಿಸಿದ ಚಾರ್ಜರ್ ಸಣ್ಣಗೆ ಕುಂಯ್ ಎಂದರೂ ಅವನು ಕೂಗಾಡಿ ಮನೆಯನ್ನೇ ಮೇಲೆ ಕೆಳಗೆ ಮಾಡುತ್ತಿದ್ದ. ಮೂರು ಬೇಸಿಗೆಯ ಹಿಂದೆ ಆ ಕೂಗಾಟ ನಿಂತಿತು. ವಯಸ್ಸಾಯಿತು, ಮುಂಗೋಪ ಇಳಿಯಿತು ಎಂದು ಅವಳು ಒಳಗೊಳಗೇ ಸಂತೋಷಪಟ್ಟಳು. ಚಾರ್ಜರ್ ಮೊದಲಿನ ಹಾಗೇ ಕುಂಯ್‌ಗುಡುತ್ತಿತ್ತು, ಅವನು ಅದರ ಪಕ್ಕದಲ್ಲೇ ಕೂತು ನೂಡಲ್ಸ್ ತಿನ್ನುತ್ತಿದ್ದ.

ಆಮೇಲೆ ಕೊಂಡವರ ದೂರು ಶುರುವಾಯಿತು. ತಾಳ ಬಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗಿದೆ, ಹೆಂಗಸರ ಹಾಡು ಕೇಳುವುದೇ ಕಷ್ಟ ಎಂದು. ನಾಲಗೆ ಕೆಟ್ಟವನು ಸಾರಿಗೆ ಉಪ್ಪು ಸುರಿದ ಹಾಗೆ, ಫೆಂಗ್ ತನಗೆ ಕೇಳಿಸದ ಎತ್ತರದ ದನಿಯನ್ನು ಕೇಳಿಸುವ ತನಕ ಏರಿಸುತ್ತ ಹೋಗಿದ್ದ. ಯೂಚಿನ್ ಆ ದೂರುಗಳನ್ನು ಅವನಿಗೆ ತೋರಿಸಲಿಲ್ಲ. ಇಯರ್‌ಫೋನಿನ ಮೂತಿಯಲ್ಲಿ ಸಾಸಿವೆಯಷ್ಟಗಲದ ಒಂದು ಜಾಲರಿ ಇರುತ್ತದೆ, ಅದು ಒತ್ತಾದಷ್ಟೂ ಎತ್ತರದ ದನಿ ತಗ್ಗುತ್ತದೆ. ಫೆಂಗ್ ತೆಳುವಾದದ್ದನ್ನು ಕೂರಿಸುತ್ತಿದ್ದ. ಡಬ್ಬಿಗೆ ತುಂಬುವ ನೆಪದಲ್ಲಿ ಅವಳು ಅದನ್ನು ಚಿಮುಟದಿಂದ ಕಿತ್ತು, ಒತ್ತಾದ ಜಾಲರಿ ಕೂರಿಸಿ, ತಾನೇ ಕೇಳಿ ನೋಡಿ ಕಳಿಸುತ್ತಿದ್ದಳು. ಒಂದೂ ಬಿಡದೆ ಎಲ್ಲವನ್ನೂ. ದೂರು ನಿಂತು ಹೊಗಳಿಕೆ ಬಂತು. ನನ್ನ ಕಿವಿ ಇನ್ನೂ ಹತ್ತು ವರ್ಷ ಓಡುತ್ತೆ ಕಣೇ ಎಂದು ಅವನು ಹಿಗ್ಗಿದ, ಅವಳು ಹೂಂ ಎಂದಳು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡಳು. ಆದರೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪವಾಗಿತ್ತು.

ಮೇಜಿನ ಮೇಲಿದ್ದುದನ್ನು ಈಗ ಕೋಂಗ್ ಎತ್ತಿಕೊಂಡ. ತನ್ನ ಟೊಪ್ಪಿಗೆ ಹಾಕಿ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಚೀಲದಿಂದ ಇನ್ನೊಂದನ್ನು ತೆಗೆದ. ಹೋದ ವರ್ಷ ಫೆಂಗ್ ಅಭಿಪ್ರಾಯ ಕೇಳಿ ಕಳಿಸಿದ್ದು, ಯೂಚಿನ್ ಕೈಯಿಂದ ಹೋದದ್ದು. ಅದನ್ನು ಕೇಳಿ, ಮತ್ತೆ ಇದನ್ನು ಕೇಳಿ, ಎರಡನ್ನೂ ಅಕ್ಕಪಕ್ಕ ಇಟ್ಟ.

"ಫೆಂಗ್ ಮೇಷ್ಟ್ರೇ, ಇವೆರಡೂ ಒಂದೇ ಅಲ್ಲ."

"ಒಂದೇ. ಎರಡಕ್ಕೂ ಹದ ಹಾಕಿದ್ದು ನಾನೇ."

"ನೀವೇ ಕೇಳಿ ನೋಡಿ."

ಫೆಂಗ್ ಕೇಳಿದ. ಕಣ್ಣು ಮುಚ್ಚಿ, ಕತ್ತನ್ನು ಒಂದಿಷ್ಟು ವಾಲಿಸಿ ಕೇಳುವ ಅವನ ರೀತಿ ಅಲ್ಲಿದ್ದ ಎಲ್ಲರಿಗೂ ಪರಿಚಿತ. ಅದನ್ನು ಅನುಕರಿಸುವವರೂ ಇದ್ದರು. ಒಂದನ್ನು ಕೇಳಿದ, ಇನ್ನೊಂದನ್ನು ಕೇಳಿದ, ಮತ್ತೆ ಮೊದಲನೆಯದಕ್ಕೆ ಬಂದ. ಯೂಚಿನ್ ತಟ್ಟೆಯಲ್ಲಿದ್ದ ಕಡುಬನ್ನೇ ನೋಡುತ್ತ ಕೂತಳು. ಅವನು ಕಣ್ಣು ತೆರೆದು, ಒಂದೇ ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಪಾಂಗ್ ಯೂ ಯೂಚಿನ್ ಕಡೆ ತಿರುಗಿದ. "ಅತ್ತಿಗೆ, ನೀವು ಬೇಜಾರ್ ಮಾಡ್ಕೋಬೇಡಿ. ಕೋಂಗ್ ಅಣ್ಣಂಗೆ ಕಳಿಸೋದು ಒಂದು, ಅವರು ಬರೆದಿದ್ದು ನೋಡಿ ಕೊಳ್ಳೋ ನಮ್ಮಂಥವರಿಗೆ ಇನ್ನೊಂದು. ಹೆಸರು ಬಂದ್ಮೇಲೆ ಎಲ್ರೂ ಇದೇ ಆಟ ಆಡೋದು. ನೀವೂ ಶುರು ಮಾಡಿದ್ರಾ ಅಂತ."

ಆ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಫೆಂಗನ ಮುಖ ಕೆಂಪೇರಿತು. ನನ್ನ ಮಾಲಿಗೆ ಇಂಥ ಮಾತೇ ಎನ್ನುತ್ತ ಅವನು ಜೇಬಿನಿಂದ ಗಡಿಯಾರದವರು ಕಣ್ಣಿಗೆ ಇಟ್ಟುಕೊಳ್ಳುವಂಥ ಭೂತಗನ್ನಡಿ ತೆಗೆದು, ಎರಡನ್ನೂ ಬಿಚ್ಚಿ ತೋರಿಸುತ್ತೇನೆ ಎಂದು ಹೊರಟ. ಮೊದಲು ಇವತ್ತಿನದರ ಮೂತಿ ನೋಡಿದ. ಆಮೇಲೆ ಕೋಂಗನದರ ಮೂತಿ ನೋಡಿದ, ಅಲ್ಲಿ ಒತ್ತಾದ ಜಾಲರಿ ಇತ್ತು. ನೋಡಿದವನು ತಲೆ ಎತ್ತಲಿಲ್ಲ.

ತನ್ನ ಕೈಯ ಕೆಲಸವನ್ನು ಬೇರೆಯವರ ಕೈಯ ಕೆಲಸದಿಂದ ಬೇರ್ಪಡಿಸಲು ಅವನಿಗೆ ಕಿವಿ ಬೇಕಾಗಿರಲಿಲ್ಲ, ಕಣ್ಣು ಸಾಕಿತ್ತು. ಆ ಮನೆಯಲ್ಲಿ ಚಿಮುಟ ಹಿಡಿಯುವವರು ಇಬ್ಬರೇ. ಅವನು ಭೂತಗನ್ನಡಿ ಇಳಿಸಿ ಹೆಂಡತಿಯನ್ನು ನೋಡಿದ. ಅವಳು ಏನೂ ಮುಚ್ಚಿಡಲಿಲ್ಲ, ಮುಚ್ಚಿಡುವ ಶಕ್ತಿ ಅವಳಲ್ಲಿ ಉಳಿದಿರಲೂ ಇಲ್ಲ. ಎಲ್ಲವೂ ಅವಳ ಮುಖದಲ್ಲೇ ಇತ್ತು.

"ಕೋಂಗ್ ಅಣ್ಣ, ಅದು ನಾನು..." ಎಂದು ಅವಳು ಬಾಯಿ ತೆರೆದಳು.

"ಯೂಚಿನ್, ಸುಮ್ನಿರು" ಎಂದ ಫೆಂಗ್. ಗದರಿದ್ದಲ್ಲ, ಬೇಡಿಕೊಂಡದ್ದು. ಇಷ್ಟು ವರ್ಷದಲ್ಲಿ ಅವನು ಅವಳ ಹತ್ತಿರ ಏನನ್ನೂ ಹಾಗೆ ಬೇಡಿದವನಲ್ಲ. ಆಮೇಲೆ ಕೋಂಗ್ ಕಡೆ ತಿರುಗಿ, "ಹುಡುಗ ಹೇಳಿದ್ದು ನಿಜ. ನಿಮಗೆ ಕಳಿಸಿದ್ದು ಬೇರೆ, ಅಂಗಡಿಗೆ ಹೋಗೋದು ಬೇರೆ. ಬೇಕಂತಲೇ ಮಾಡ್ದೆ" ಎಂದ.

"ಈಗ ತಾನೇ ಒಂದೇ ಅಂದ್ರಲ್ಲ?"

"ಸಿಕ್ಕಿಬಿದ್ದವನು ಇನ್ನೇನು ಹೇಳ್ತಾನೆ."

ಕೋಂಗ್ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ನಿಮ್ಮ ಕಿವೀನ ನಂಬಿದ್ದೆ ಮೇಷ್ಟ್ರೇ" ಎಂದ.

"ಕಿವಿಗೇನಾಗಿದೆ? ಕಿವಿ ಸರಿಯಾಗೇ ಇದೆ. ಕೆಟ್ಟಿದ್ದು ಬುದ್ಧಿ."

ನಿಜ ಹೇಳಿದರೆ ಗಂಡನ ಮಾನ ಉಳಿಯುತ್ತಿತ್ತು, ಗಂಡ ಉಳಿಯುತ್ತಿರಲಿಲ್ಲ. ಅಷ್ಟು ಯೂಚಿನ್‌ಗೆ ಅರ್ಥವಾಗಿತ್ತು. ಕೋಂಗ್ ತನ್ನ ಇಯರ್‌ಫೋನನ್ನು ವಾಪಸು ಚೀಲಕ್ಕೆ ಹಾಕಿಕೊಳ್ಳದೆ ಮೇಜಿನ ಮೇಲೆ ಫೆಂಗನ ಕಡೆ ಸರಿಸಿದ. ಬರೆದದ್ದನ್ನು ಇವತ್ತೇ ಅಳಿಸುತ್ತೇನೆ, ಏಕೆ ಅಳಿಸಿದೆ ಎಂಬುದನ್ನೂ ಬರೆಯಬೇಕಾಗುತ್ತದೆ, ಅದು ನನ್ನ ಕರ್ತವ್ಯ ಎಂದ. ಫೆಂಗ್ ತಲೆಯಾಡಿಸಿದ. ಪಾಂಗ್ ಯೂ ಅತ್ತಿಗೆಗೆ ಚಹಾ ಬಗ್ಗಿಸಲು ಕೈ ನೀಡಿ, ಅರ್ಧಕ್ಕೆ ಹಿಂದೆ ತೆಗೆದುಕೊಂಡ.

ಬಸ್ ನಿಲ್ದಾಣದ ತಗಡಿನ ಮಾಡಿನ ಕೆಳಗೆ ಬಿಸಿಲು ಸುಡುತ್ತಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತರು. ಬಸ್ಸೊಂದು ಬಂದು ಹೋಯಿತು, ಫೆಂಗ್ ಏಳಲಿಲ್ಲ.

"ಯಾವಾಗಿಂದ?" ಎಂದ ಕೊನೆಗೆ.

"ಚಾರ್ಜರ್ ಕೂಗುತ್ತೆ ಅಂತ ಬೈಯೋದು ಬಿಟ್ರಲ್ಲ, ಆವಾಗಿಂದ."

"ಯಾವ ಚಾರ್ಜರ್? ಈಗೆಲ್ಲಿ ಕೂಗುತ್ತೆ?"

ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಕಿವಿ ಮಂದ ಆಗಿದೆ ಅಂದಿದ್ರೆ ಏನ್ ಹೋಗ್ತಿತ್ತು? ಕಳ್ಳ ಅನ್ನಿಸ್ಕೊಂಡ್ರಲ್ಲ."

"ಕಳ್ಳನ್ನ ಜನ ಬೈತಾರೆ. ಕಿವುಡನ್ನ ಪಾಪ ಅಂತಾರೆ" ಎಂದ ಅವನು. "ಪಾಪ ಅನ್ನಿಸ್ಕೊಂಡು ಆ ಮೇಜಿನ ಮುಂದೆ ಹೇಗೆ ಕೂರ್ಲಿ?"

"ಆ ಮೇಜಿನ ಮುಂದೆ ನಾನೂ ಕೂತಿದ್ದೆ. ಅವರೆಲ್ಲ ಮೆಚ್ಚಿದ್ದು ನಾನು ಮಾಡಿದ್ದನ್ನ. ಅದನ್ನ ಮೋಸ ಅಂದ್ಬಿಟ್ರಿ."

ಫೆಂಗ್ ಬೆಚ್ಚಿ ಅವಳ ಕಡೆ ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದರೆ ಮಹಡಿ ಹತ್ತಿ ಕಿವಿಯ ಸುದ್ದಿ ಹೇಳಬೇಕು. ಅದು ಅವನಿಂದ ಆಗುವ ಕೆಲಸವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾಳೆ ಬೇಡಿಕೆಗಳು ವಾಪಸಾಗುತ್ತವೆ, ನಾಡಿದ್ದು ಮಾಲು. ಮನೆಗೆ ಹೋದರೆ ಅವನ ಮೇಜೂ ಅವಳ ಮೇಜೂ ಎದುರುಬದುರು ಇರುತ್ತವೆ.

ಅವನು ಜೇಬಿನಿಂದ ಇವತ್ತಿನದನ್ನು ತೆಗೆದ. ಅವಳು ಮುಟ್ಟದ್ದನ್ನು. ಟೊಪ್ಪಿಗೆಗಳನ್ನು ಅಂಗಿಯ ತುದಿಯಲ್ಲಿ ಒರೆಸಿ ಅವಳ ಮುಂದೆ ಹಿಡಿದ.

"ಹಾಕ್ಕೋ. ನನ್ನದು ಹೇಗಿದೆ ಅಂತ ಗೊತ್ತಾಗ್ಬೇಕು ನಂಗೆ."

ಬೇಡ ಎಂದಳು. ಅವನು ಕೈ ಹಿಂದೆ ತೆಗೆಯಲಿಲ್ಲ. ಅವಳು ಹಾಕಿಕೊಂಡಳು. ಅವನು ತನ್ನ ಫೋನಿಗೆ ತಂತಿ ಸಿಕ್ಕಿಸಿ, ಯಾವಾಗಲೂ ಹದ ನೋಡಲು ಇಟ್ಟುಕೊಂಡಿದ್ದ ಹಾಡನ್ನೇ ಹಚ್ಚಿದ. ಹೆಂಗಸೊಬ್ಬಳ ಹಾಡು, ನಡುನಡುವೆ ಕಂಚಿನ ತಾಳ. ಯೂಚಿನ್ ಹಲ್ಲು ಕಚ್ಚಿ, ರಸ್ತೆಯಾಚೆಯ ಅಂಗಡಿಯೊಂದನ್ನು ದಿಟ್ಟಿಸುತ್ತ, ಮುಖವನ್ನು ಕಲ್ಲು ಮಾಡಿಕೊಂಡು ಕೂತಳು. ಆದರೆ ತಾಳ ಬಿದ್ದಾಗಲೆಲ್ಲ ರೆಪ್ಪೆ ಅವಳ ಮಾತು ಕೇಳದೆ ಅದುರುತ್ತಿತ್ತು.

ಫೆಂಗ್ ಅವಳ ಕಡೆ ತಿರುಗಿ ಕೂತಿದ್ದ. ಅವಳ ರೆಪ್ಪೆ ಅದುರಿದಾಗಲೆಲ್ಲ, ಅವಳಿಗೆ ಚುಚ್ಚಿದ ತಾಳವನ್ನು ಎಣಿಸುವವನ ಹಾಗೆ, ತನ್ನ ಮಂಡಿಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದ, ಪ್ರತಿ ಸಲವೂ ಒಂದಿಷ್ಟು ತಡವಾಗಿ. ಬಸ್ಸು ಬಂದು ನಿಂತು, ಬಾಗಿಲು ತೆರೆದು, ಯಾರೂ ಹತ್ತದ್ದನ್ನು ನೋಡಿ ಮುಚ್ಚಿಕೊಂಡಿತು. ಅವನು ತಟ್ಟುತ್ತಲೇ ಇದ್ದ.