ಬಾಗಿಲಲ್ಲಿ ಕೇಳುವ ಮಾತು

“ಹಡಬಿಟ್ಟಿ ರಂಡಿ, ಹೊರಗಾದಾಕಿ ಒಳಗ್ಯಾಕ ಬಂದಿ? ನಿನ್ನ ನೆಳ್ಳ ಬಿದ್ದು ಗಿಡ ಒಣಗೇತಿ ನೋಡು!”

ಆಳುಗಳ ಮೇಲಿನ ಮುಕಾದಮ ಸಕ್ರಪ್ಪ ಒಣಗಿದ ಸಸಿಯನ್ನು ಉಡಚವ್ವನ ಮುಖಕ್ಕೆ ಹಿಡಿದ. ಅವಳು ಆಗಷ್ಟೇ ಇಳಿಸಿದ್ದ ಕೊಡಕ್ಕೆ ಒದ್ದ. ಬಾವಿಯಿಂದ ಹೊತ್ತು ತಂದ ನೀರೆಲ್ಲ ಮಣ್ಣುಪಾಲಾಯಿತು.

ಕಪ್ಪತಗುಡ್ಡದ ಬುಡದ ಆ ತೋಟ ಸಂಸ್ಥಾನದ ಕಾಲದಲ್ಲಿ ರಾಜರದು, ಈಗ ಸರ್ಕಾರದ್ದು. ದೇಶದೇಶದ ಗಿಡ ತಂದು ನೆಟ್ಟು, ಒಂದೊಂದಕ್ಕೂ ತಗಡಿನ ಮೇಲೆ ಹೆಸರು ಬರೆಸಿದ್ದರು. ಗುಂಡಿ ತೋಡಿ, ಗೊಬ್ಬರ ಹೊತ್ತು, ನೀರುಣಿಸಿದ ಹೆಂಗಸರಿಗೆ ಮಾತ್ರ ‘ಏ’ ಎನ್ನುವುದೇ ಹೆಸರು. ರಾಜ ಹೋದ, ಬಿಳಿಯರು ಹೋದರು. ದಿನಾ ಮುಂಜಾನೆ ಬಾಗಿಲಲ್ಲಿ ಕೇಳುವ ಮಾತು ಹೋಗಲಿಲ್ಲ: “ಹೊರಗಾದಾಕಿ ಯಾರದೀರಿ?” ಮುಟ್ಟಾದವಳ ನೆರಳಿಗೆ ಗಿಡ ಬಾಡುತ್ತದೆಂದು ತೋಟ ನೋಡಿಕೊಳ್ಳುವ ಓದಿದ ಸಾಹೇಬರೂ ನಂಬಿದ್ದರು. ಹೌದೆಂದವಳಿಗೆ ಮೂರು ದಿನ ಕೆಲಸವಿಲ್ಲ, ಮನೆಯಲ್ಲಿ ಒಲೆಯೂ ಹೊತ್ತುವುದಿಲ್ಲ. ಹಾಗಾಗಿ ಯಾರೂ ಹೌದೆನ್ನುತ್ತಿರಲಿಲ್ಲ.

ಖರೆ ಹೇಳಬೇಕೆಂದರೆ ಆ ಸಸಿಯನ್ನು ಕೊಂದದ್ದು ಸಾಹೇಬರ ನಾಯಿ. ಅದು ದಿನಾ ಅದರ ಬುಡಕ್ಕೇ ಕಾಲೆತ್ತುವುದನ್ನು ಎಲ್ಲರೂ ಕಂಡಿದ್ದರು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ನಾ ಹೊರಗಾಗಿಲ್ರಿ ಯಪ್ಪಾ,” ಅಂದಳು ಉಡಚವ್ವ. ಗಂಡ ಸತ್ತವಳು, ಮನೆಯಲ್ಲಿ ಎರಡು ಕೂಸು. ಈ ತೋಟ ತಪ್ಪಿದರೆ ಬೇರೆ ದಿಕ್ಕಿಲ್ಲ.

“ಹುಚ್ಚವ್ವಾ, ಕರಕೊಂಡ ಹೋಗಿ ನೋಡು.”

ಹಲ್ಲುದುರಿದ ಹುಚ್ಚವ್ವನಿಗೆ ಇದು ಹೊಸದಲ್ಲ. ಸಂಶಯ ಬಂದವಳನ್ನು ಗೊಬ್ಬರದ ಗುಡಿಸಲ ಹಿಂದೆ ಒಯ್ದು ಸೀರೆ ಎತ್ತಿಸಿ ನೋಡುವುದು ಅವಳಿಗೆ ಅಂಟಿದ ಕೆಲಸ. ಉಡಚವ್ವ ಗೋಡೆಗೆ ಮುಖ ಮಾಡಿ ನಿಂತಳು. ಆಚೆ ಗಂಡಾಳುಗಳು ನಗುವುದು ಕೇಳಿಸುತ್ತಿತ್ತು.

ಹುಚ್ಚವ್ವನಿಗೆ ರಕ್ತದ ಬಟ್ಟೆ ಕಂಡಿತು.

“ಹೇಳಬ್ಯಾಡ ಯವ್ವಾ,” ಅಂದಳು ಉಡಚವ್ವ, ಗೋಡೆಗೇ ಹೇಳುವಂತೆ.

ಮುದುಕಿ ತಾನೇ ಅವಳ ಸೀರೆ ಇಳಿಸಿದಳು. ಹೊರಗೆ ಬಂದು, “ಏನಿಲ್ಲ,” ಅಂದಳು.

“ಸುಳ್ಳ ಬೊಗಳ್ತಿ ಮುದುಕಿ. ಗಿಡ ಸುಳ್ಳ ಹೇಳ್ತೇತೇನು? ಲೇ ಉಡಚಿ, ಇನ್ನ ಈ ಬಾಗಲಾ ತುಳದರ ಕಾಲ ಮುರದೇನು!”

ಮರುದಿನ ಕನ್ನಡದವರೆಲ್ಲ ಒಂದೇ ರಾಜ್ಯವಾಗುವ ಹಬ್ಬ. ಗದಗಿನಿಂದ ದೊಡ್ಡ ಅಧಿಕಾರಿ ತೋಟ ನೋಡಲು ಬರುವವರಿದ್ದರು. ಹಾದಿಗೆ ನೀರು ಹೊಡೆಯಬೇಕು, ಕಸ ಗುಡಿಸಬೇಕು, ಮಾಲೆಗೆ ಹೂ ಬಿಡಿಸಬೇಕು. ಕಾಲು ಹಿಡಿದಾದರೂ ಒಳಗೆ ಹೋಗೋಣವೆಂದು ಉಡಚವ್ವ ಹೊತ್ತು ಹುಟ್ಟುವ ಮೊದಲೇ ಬಂದು ಬಾಗಿಲ ಹೊರಗೆ ಕೂತಿದ್ದಳು.

ಸಕ್ರಪ್ಪ ಅವಳತ್ತ ನೋಡಲೂ ಇಲ್ಲ. ಬಂದ ಹೆಂಗಸರಿಗೆ ಎಂದಿನ ಮಾತು ಕೇಳಿದ: “ಹೊರಗಾದಾಕಿ ಯಾರದೀರಿ?”

“ನಾ,” ಅಂದಳು ಹುಚ್ಚವ್ವ.

ಸಕ್ರಪ್ಪ ಗಹಗಹಿಸಿದ. “ಬಾಯಾಗ ಒಂದ ಹಲ್ಲಿಲ್ಲ ನಿನಗ!”

“ಹಲ್ಲ ಇರೂದು ಬಾಯಾಗ ಮೂಳಾ. ಉಳಿದದ್ದ ನಿಮ್ಮವ್ವನ್ನ ಕೇಳು.” ಮುದುಕಿ ಹೋಗಿ ಉಡಚವ್ವನ ಪಕ್ಕ ಕೂತಳು.

“ನಾನೂ,” ಅಂದಳು ರಸೂಲಬಿ. “ನಾನೂ,” ಅಂದಳು ಕಳಕವ್ವ. ಇದ್ದಬದ್ದವರೆಲ್ಲ ಕೊಡ ಬೋರಲು ಹಾಕಿ ಕೂತರು.

“ಎಲ್ಲಾರನೂ ನೋಡಸ್ತೀನಿ!” ಸಕ್ರಪ್ಪ ಕಿರುಚಿದ.

“ನೋಡಾಕಿ ನಾ ಅಲ್ಲೇನು? ನಾನ ಹೊರಗದೀನಿ,” ಅಂದಳು ಹುಚ್ಚವ್ವ. “ನೀ ಬಾ, ಮುಟ್ಟಿ ನೋಡು.”

ಸದ್ದು ಕೇಳಿ ಸಾಹೇಬರು ಓಡಿಬಂದರು. “ಏನರ ಆಗ್ಲಿ, ಒಳಗ ಕಳಸೋ ಅವರನ್ನ! ಜಲ್ದಿ!”

“ಬ್ಯಾಡ್ರಿ ಸಾಹೇಬ್ರ, ಗಿಡಾ ಒಣಗ್ತಾವ,” ಅಂದಳು ಉಡಚವ್ವ. ಅಂಜಿಕೆಯಲ್ಲೂ ಅವಳಿಗೆ ನಗು ಬಂತು. ಎಷ್ಟು ದಿನವಾಗಿತ್ತೋ ನಕ್ಕು.

ಹೆಂಗಸರ ಕೊಡವನ್ನು ಗಂಡಾಳುಗಳು ಮುಟ್ಟಲಿಲ್ಲ, ಕೊನೆಗೆ ಸಕ್ರಪ್ಪನೇ ಹೊತ್ತ. ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡ. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಮೋಟಾರು ಬಂದು ನಿಂತಿತು. ಕೆಳಗಿಳಿದ ಅಧಿಕಾರಿ ಕೂತ ಹೆಂಗಸರನ್ನು ನೋಡಿದರು.

“ಇವರ್ಯಾಕ ಹೊರಗ ಕುಂತಾರ?”

ಸಾಹೇಬರು ಸಕ್ರಪ್ಪನನ್ನು ನೋಡಿದರು. ಸಕ್ರಪ್ಪ ನೆಲ ನೋಡಿದ.

ಉಡಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

“ಈ ಮುಕಾದಮ ದಿನಾ ಮುಂಜಾನಿ ಈ ಬಾಗಲದಾಗ ನಮಗೊಂದ ಮಾತ ಕೇಳ್ತಾನ್ರಿ. ಇವತ್ತ ನಿಮ್ಮ ಮುಂದ ಕೇಳ್ಲಿ.”

ಸಕ್ರಪ್ಪ ಕೊಡ ಹೊತ್ತೇ ನಿಂತಿದ್ದ.