ಹೊಗಳಿ ಒಯ್ದ ಕೌದಿ

ಆ ವರ್ಷ ಹತ್ತಿ ಬಿಡಿಸಿದ ಕೂಲಿಗೆ, ಮುರಿದುಬೀಳುತ್ತಿದ್ದ ಸಾಮೂಹಿಕ ಫಾರ್ಮಿನವರು ನಮಗೆ ರಬ್ಬರ್ ಬೂಟು ಕೊಟ್ಟರು. ದುಡ್ಡಿಲ್ಲ, ಹಿಟ್ಟಿಲ್ಲ, ಬೂಟು. ಅವೂ ಒಂದೇ ಅಳತೆಯವು, ಗಂಡಸರ ಪಾದದವು. ನಾವು ಹೆಂಗಸರು ಒಳಗೆ ಚಿಂದಿ ತುರುಕಿಕೊಂಡು ಕಾಲೆಳೆದೆವು. ಹತ್ತಿಕಾಯಿಯ ಸಿಪ್ಪೆ ಚುಚ್ಚಿ ಚುಚ್ಚಿ ನನ್ನ ಬೆರಳ ತುದಿಗಳೆಲ್ಲ ಒಡೆದಿದ್ದವು. ಹಿಟ್ಟು ಕಲಸಿದರೆ ಹಿಟ್ಟು ಕೆಂಪಾಗುತ್ತಿತ್ತು. ಸೋವಿಯತ್ತು ಹೋಯಿತು, ಸ್ವಾತಂತ್ರ್ಯ ಬಂತು ಎಂದು ರೇಡಿಯೋ ಬಡಕೊಳ್ಳುತ್ತಿತ್ತು. ನಮ್ಮ ಹಳ್ಳಿಗೆ ಬಂದದ್ದು ಎರ್ಗೆಶ್.

ಎರ್ಗೆಶ್ ಮೊದಲು ಫಾರ್ಮಿನ ಗೋದಾಮು ಕಾಯುತ್ತಿದ್ದವನು. ಫಾರ್ಮು ಮುರಿದುಬಿದ್ದಾಗ ಅದರ ಲಾರಿಗಳು ಹೇಗೋ ಅವನ ಅಂಗಳಕ್ಕೆ ಬಂದು ನಿಂತವು. ಈಗ ಹಳ್ಳಿಹಳ್ಳಿ ತಿರುಗಿ ಹಳೆಯ ಕೌದಿ ಎತ್ತುತ್ತಿದ್ದ. ರಾಜಧಾನಿಯ ದೊಡ್ಡ ಹೋಟೆಲುಗಳಲ್ಲಿ ಪರದೇಶದವರು ಅವನ್ನು ಗೋಡೆಗೆ ತೂಗುಹಾಕಿಕೊಳ್ಳುತ್ತಾರಂತೆ. ಹಳೆಯದಾದಷ್ಟೂ ಬೆಲೆಯಂತೆ. ನಾವೇನು ದಡ್ಡರಲ್ಲ, ಇದು ನಮಗೂ ಗೊತ್ತಿತ್ತು. ಆದರೆ ಅವನು ಕೊಳ್ಳಲು ಬರುತ್ತಿರಲಿಲ್ಲ. ಅತಿಥಿಯಾಗಿ ಬರುತ್ತಿದ್ದ.

ನಮ್ಮ ಕಿರ್ಗಿಜರಲ್ಲಿ ಅತಿಥಿ ಎಂದರೆ ದೇವರು ಕಳಿಸಿದವನು. ಅವನು ಮನೆಯ ಒಂದು ವಸ್ತುವನ್ನು ಬಾಯಿತುಂಬ ಹೊಗಳಿದರೆ ಮನೆಯವರು "ಇದು ನಿಮ್ಮದೇ" ಅನ್ನಬೇಕು. ಅತಿಥಿ ತಕ್ಷಣ ಎದೆಯ ಮೇಲೆ ಕೈಯಿಟ್ಟು "ಬೇಡ, ನಿಮ್ಮ ಮನೆಯಲ್ಲೇ ಬೆಳಗಲಿ" ಅನ್ನಬೇಕು. ಅಲ್ಲಿಗೆ ಇಬ್ಬರ ಮಾನವೂ ಉಳಿಯಿತು. ಹುಟ್ಟಿದಾಗಿನಿಂದ ಹೀಗೇ ನೋಡಿದ್ದೆವು. ಎರಡನೆಯ ಮಾತನ್ನು ಆಡದೆ ವಸ್ತುವನ್ನು ಎತ್ತಿಕೊಂಡು ಹೋಗುವ ಗಂಡಸೊಬ್ಬ ಹುಟ್ಟಬಹುದೆಂದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ. ಎರ್ಗೆಶ್ ಎತ್ತಿಕೊಂಡು ಹೋಗುತ್ತಿದ್ದ. ಬದಲಿಗೆ ಹೊಸ್ತಿಲ ಮೇಲೆ ಒಂದು ಚಹಾ ಪೊಟ್ಟಣ ಇಡುತ್ತಿದ್ದ.

ನಮ್ಮ ಅತ್ತೆ ಉಲ್ಕಾನಳ ಕೌದಿ ಊರಿನಲ್ಲೇ ಹಳೆಯದು. ನಮ್ಮಲ್ಲಿ ತುಂಬು ಬಾಳು ಬಾಳಿದ ಹಿರಿಯರು ಸತ್ತರೆ ಅವರ ಹೆಸರಿನಲ್ಲಿ ಬಟ್ಟೆ ಹರಿದು, ಬಂದವರಿಗೆಲ್ಲ ಒಂದೊಂದು ತುಂಡು ಹಂಚುತ್ತಾರೆ. ಆ ತುಂಡುಗಳನ್ನು ಕೂಡಿಸಿ ಹೊಲಿದದ್ದು ಅದು. ಅತ್ತೆಯ ಅಜ್ಜಿ ಶುರು ಮಾಡಿದಳು, ತಾಯಿ ಬೆಳೆಸಿದಳು, ಅತ್ತೆ ಅಂಚು ಕಟ್ಟಿದಳು. ಹುಟ್ಟಿದ ಕೂಸನ್ನು ಮೊದಲು ಅದರ ಮೇಲೆ ಮಲಗಿಸಬೇಕು. ಆ ಹಿರಿಯರ ಆಯುಷ್ಯವೆಲ್ಲ ಕೂಸಿಗೆ ಬರುತ್ತದೆ. ನನ್ನ ಎರಡು ಕೂಸುಗಳು ಫಾರ್ಮಿನ ಆಸ್ಪತ್ರೆಯಲ್ಲಿ ಹುಟ್ಟಿದವು. "ಈ ಹೊಲಸು ಚಿಂದಿ ಒಳಗೆ ತರಬೇಡಿ" ಎಂದು ಡಾಕ್ಟರಮ್ಮ ಕೌದಿಯನ್ನು ಬಾಗಿಲಲ್ಲೇ ತಡೆದಳು. ಎರಡೂ ಉಳಿಯಲಿಲ್ಲ. ನಗುವವರು ನಗಲಿ. ಈಗ ಮೂರನೆಯದು ಹೊಟ್ಟೆಯಲ್ಲಿತ್ತು, ದಿನ ತುಂಬುತ್ತಿತ್ತು. ಈ ಸಲ ಕೌದಿಯ ಮೇಲೇ ಹಡೆಯುತ್ತೇನೆ ಎಂದು ನಾನು ಹಟ ಹಿಡಿದಿದ್ದೆ.

ಎರ್ಗೆಶ್ ನಮ್ಮ ಮನೆಗೆ ಬಂದದ್ದು ಮೊದಲ ಹಿಮ ಬಿದ್ದ ದಿನ. ಜೊತೆಗೆ ಡ್ರೈವರ್ ಸಾಪರ್. ಎತ್ತಿನ ಕುತ್ತಿಗೆಯವನು. ಬೂಟಿನಲ್ಲಿ ಕಬ್ಬಿಣದ ಸರಳು ಸಿಕ್ಕಿಸಿಕೊಂಡಿರುತ್ತಿದ್ದ.

"ಉಲ್ಕಾನ್ ಅಪಾ, ನಿಮ್ಮ ಕೈ ರೊಟ್ಟಿ ತಿಂದು ಎಷ್ಟು ದಿನಾ ಆತು!" ಎಂದ ಎರ್ಗೆಶ್. ಹಿರಿಯ ಹೆಂಗಸನ್ನು ನಮ್ಮಲ್ಲಿ ಅಪಾ ಅನ್ನುತ್ತಾರೆ.

"ರೊಟ್ಟಿ ತಿನ್ನಪಾ. ಬ್ಯಾರೆ ಏನೂ ತಿನಬ್ಯಾಡ," ಎಂದಳು ಅತ್ತೆ.

ಅವನು ನಕ್ಕ. ರೊಟ್ಟಿ ಮುರಿದ, ಚಹಾ ಕುಡಿದ. ಆಮೇಲೆ ಗೋಡೆಗೆ ಒಟ್ಟಿದ್ದ ಹಾಸಿಗೆಗಳ ಮುಂದೆ ಮಂಡಿಯೂರಿ ಕೌದಿಯನ್ನು ಎಳೆದು ಹರವಿದ. ಸುಳ್ಳು ಹೇಳಬಾರದು, ಅವನಿಗೆ ಕಣ್ಣಿತ್ತು. ಅಂಗೈಯಿಂದ ಸವರಿದ. ತಿರುವಿ ಹಿಂದಿನ ಹೊಲಿಗೆ ನೋಡಿದ. ಮೂಸಿದ. ಅವನ ಕಣ್ಣು ಒದ್ದೆಯಾಯಿತು ಕೂಡ.

"ಈ ಕೆಂಪು ನೋಡ್ರಿ. ಬೇರಿನ ಬಣ್ಣಾ. ನೂರು ವರ್ಷ ಬಿಸಲಾಗ ಹಾಕಿದ್ರೂ ಹೋಗೂದಿಲ್ಲ. ಏನ್ ಹೊಲಿಗಿ, ಏನ್ ಕೂಡಣಿ! ಇದನ್ನ ಹೊಲದ ಕೈಗೆ ಮುತ್ತು ಕೊಡಬೇಕು."

"ಆ ಕೈ ಮಣ್ಣಾಗ ಅದಾವ. ಹೋಗಿ ಕೊಡು."

ಅವನು ಮತ್ತೆ ಹೊಗಳಿದ. ಅತ್ತೆ ತುಟಿ ಬಿಗಿದು ಕುಳಿತಳು. ಇನ್ನೊಮ್ಮೆ ಹೊಗಳಿದ. ಒಳಗೆ ಗಾಳಿಯಾಡದಂತಾಯಿತು. ಅತಿಥಿ ಅಷ್ಟು ಹೊಗಳಿದ ಮೇಲೂ ಸುಮ್ಮನಿರುವುದು ನಮ್ಮಲ್ಲಿ ಅವನ ಮುಖಕ್ಕೆ ಉಗುಳಿದಂತೆ. ನನ್ನ ಗಂಡ ತುರ್ಗುನಾಲಿಗೆ ತಡೆಯಲಾಗಲಿಲ್ಲ. ಇವನು ಬೇಡ ಅನ್ನುವವನಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಅಪ್ಪ ಅಜ್ಜ ಕಲಿಸಿದ ನಾಲಿಗೆ ತಾನಾಗಿ ಹೊರಳಿತು.

"ನಿಮ್ಮದೇ ಅಣ್ಣಾ..."

ಅತ್ತೆ ಅವನ ಕೆನ್ನೆಗೆ ಬಾರಿಸಿದಳು. ಮಾತು ಆಗಲೇ ಹೊರಬಿದ್ದಿತ್ತು.

"ದೇವ್ರು ನಿಮ್ಮ ಮನಿ ತುಂಬಿಸಲಿ," ಎಂದು ಎರ್ಗೆಶ್ ಎದ್ದ. "ಸಾಪರ್, ಎತ್ತಲೇ."

ಅತ್ತೆ ಕೌದಿಯ ಮೇಲೆ ಬೋರಲು ಬಿದ್ದಳು. ಸಾಪರ್ ಅವಳ ಬೆನ್ನಿನ ಮೇಲೆ ಮಂಡಿಯೂರಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಿಡದ ಬೆರಳುಗಳನ್ನು ಹಿಂದಕ್ಕೆ ಮಡಚಿದ. ಒಣ ಹತ್ತಿಕಟ್ಟಿಗೆ ಮುರಿದಂತೆ ಲಟ್ಟೆಂದಿತು. ಉಗುರು ಕಿತ್ತುಬಂದು ರಕ್ತ ಕೌದಿಯ ಮೇಲೆ ಹರಿಯಿತು. ನಾನು ಒಲೆಯ ಮೇಲಿನ ಕುದಿಯುವ ಕೆಟಲ್ಲು ಎತ್ತಿ ಅವನ ಕತ್ತಿನ ಮೇಲೆ ಸುರಿದೆ. ಅವನು ಹಂದಿಯಂತೆ ಅರಚಿ ಹಿಂಗೈಯಿಂದ ನನ್ನ ಬಾಯಿಗೆ ಬೀಸಿದ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ತುರ್ಗುನಾಲಿ ನುಗ್ಗಿದ. ಕಬ್ಬಿಣದ ಸರಳು ಅವನ ಮೊಣಕಾಲಿಗೆ ಬಿತ್ತು. ಅವನು ಅಲ್ಲೇ ಕುಸಿದ.

ಇಷ್ಟೆಲ್ಲ ನಡೆಯುವಾಗ ಎರ್ಗೆಶ್ ಕೂಗಿಕೊಂಡದ್ದು ಒಂದೇ ಮಾತು. "ರಕ್ತಾ ಬೀಳಸಬ್ಯಾಡಲೇ, ಹುಚ್ಚ ಸೂಳೇಮಗನ! ಮಾಲು ಕೆಡತೈತಿ!"

ಹೋಗುವಾಗ ಹೊಸ್ತಿಲ ಮೇಲೆ ಚಹಾ ಪೊಟ್ಟಣ ಇಡುವುದನ್ನು ಮಾತ್ರ ಮರೆಯಲಿಲ್ಲ.

ಮರುದಿನ ಬೆಳಿಗ್ಗೆ ಬಾತಿದ ಮುಖ ಹೊತ್ತುಕೊಂಡು ಪೊಲೀಸ್ ಠಾಣೆಗೆ ಹೋದೆ. ಸಾಹೇಬ ಕುರ್ಚಿಯ ಮೇಲೆ ಒಂದು ಕೌದಿ ಮಡಚಿ ಹಾಕಿಕೊಂಡು ಕುಳಿತಿದ್ದ. ನೋಡಿದ ತಕ್ಷಣ ಗುರುತಿಸಿದೆ. ನಮ್ಮ ಪಕ್ಕದ ಮನೆಯ ಬಾತ್ಮಾಳ ಮದುವೆಯದು.

"ನಿನ್ನ ಗಂಡನ ಬಾಯಿಂದ 'ನಿಮ್ಮದೇ' ಅಂತ ಬಂದೈತೋ ಇಲ್ಲೋ?" ಎಂದ ಸಾಹೇಬ.

"ಬಂದೈತ್ರಿ. ಆದ್ರ..."

"ಕೊಟ್ಟದ್ದು ಕಳವು ಹೆಂಗ ಆಗತೈತಿ? ಸಾಪರ್‌ನ ಕುತ್ತಿಗಿ ಸುಟ್ಟೀಯಂತಲ್ಲ. ಅವ ಕೇಸ್ ಹಾಕೂದಕ್ಕಿಂತ ಮೊದಲ ಮನಿಗೆ ಹೋಗು."

ವಾಪಸು ಬರುವಾಗ ಕಾಲುವೆಯ ಬಳಿ ಹೆಂಗಸರು ಮಂಜುಗಡ್ಡೆ ಒಡೆದು ನೀರು ತುಂಬುತ್ತಿದ್ದರು. ಎಲ್ಲ ಹೇಳಿದೆ. ಕುರ್ಚಿಯ ಮಾತು ಕೇಳಿ ಬಾತ್ಮಾ ಕೊಡ ಕೆಳಗಿಟ್ಟಳು.

"ನನ್ನ ಮದುವಿ ಕೌದಿ ಅವನ ಮುಕಳಿ ಕೆಳಗ ಐತೇನು?"

"ಐತಿ."

"ಎರ್ಗೆಶ್ ನಮ್ಮೆಲ್ಲಾರ ಮನಿಗೂ ಅತಿಥಿ ಆಗಿ ಬಂದಾನ. ತಿರಿಗಿ ನಾವೂ ಹೋಗೂದು ರೀತಿ ಅಲ್ಲೇನು? ಏಳ್ರಿ. ರೊಟ್ಟಿ ಕಟಗೋರಿ."

ಹಾಗೇ ಹೊರಟೆವು. ಕೌದಿ ಕಳೆದುಕೊಂಡ ಮನೆಗಳಿಂದೆಲ್ಲ ಒಬ್ಬೊಬ್ಬಳು ಬಂದಳು. ಅತ್ತೆ ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ನಡೆದಳು. "ಬ್ಯಾಡ ಅಪಾ, ನೀವು ಮನ್ಯಾಗ ಇರ್ರಿ" ಎಂದರೆ ಕೇಳುವವಳೇ?

ಪಟ್ಟಣದಲ್ಲಿ ಅವನ ಮನೆಯ ಗೇಟು ನಮ್ಮ ಹಳ್ಳಿಯ ಮಸೀದಿಗಿಂತ ಎತ್ತರ. ರೊಟ್ಟಿ ಹಿಡಿದು ಬಂದ ಹೆಂಗಸರನ್ನು ನೋಡಿ ಅವನ ಹೆಂಡತಿ ಪಾಪ, ಸಂಭ್ರಮದಿಂದ ಬಾಗಿಲು ತೆಗೆದಳು. ಒಳಗೆ ಅಂಗಳದ ಪಕ್ಕದ ಕೊಟ್ಟಿಗೆಯಲ್ಲಿ ನಾಲ್ಕಾರು ಹುಡುಗಿಯರು ಕತ್ತರಿ ಹಿಡಿದು ಕುಳಿತಿದ್ದರು. ಚಾವಣಿಯವರೆಗೆ ಕೌದಿಗಳು. ಚೆನ್ನಾಗಿರುವವು ಹಾಗೇ ಮಾರಾಟಕ್ಕೆ. ಹರಿದವನ್ನು ಕತ್ತರಿಸಿ ಕೋಟು, ಚೀಲ, ದಿಂಬು. ಮೇಜಿನ ಮೇಲೆ ನಮ್ಮದು ಬಿದ್ದಿತ್ತು. ಅರ್ಧ ಉಳಿದಿತ್ತು. ಇನ್ನರ್ಧ ತೋಳು, ಎದೆ, ಕಾಲರು ಎಂದು ಬೇರೆ ಬೇರೆಯಾಗಿ ಮೇಜಿನ ತುಂಬ ಹರಡಿತ್ತು.

ಅಯ್ಯೋ, ಬೇಕಾದರೆ ಮಾರಿಕೊಂಡು ತಿನ್ನಬೇಕಿತ್ತು, ಕತ್ತರಿಸುವುದೇ!

ಎರ್ಗೆಶ್ ಚಹಾ ಬಟ್ಟಲು ಹಿಡಿದು ಹೊರಬಂದ. "ನನ್ನ ಯಾಕ ನೋಡ್ತೀರಿ? ಕೆಡಿಸಿದಾಕಿ ಈ ಮುದುಕಿ. ರಕ್ತದ ಕಲಿ ಇದ್ದದ್ದು ಯಾವ ಪರದೇಶದಾವ ತಗೋತಾನ? ನನಗೂ ಕರಳ ಚುರ್ ಅಂದೈತಿ ತಾಯಿ. ಅಂಥಾ ಕೌದಿ ಮತ್ತ ಸಿಗೂದಿಲ್ಲ."

"ನಿನ್ನ ಮನಿ ಭಾಳ ಚಂದ ಐತಿ ಎರ್ಗೆಶ್," ಎಂದಳು ಬಾತ್ಮಾ. "ಈ ಕೌದಿ ಅಂತೂ ಕಣ್ಣು ಕುಕ್ಕತಾವ. ಏನ್ ಹೊಲಿಗಿ, ಏನ್ ಕೂಡಣಿ!"

ಹೆಂಗಸರೆಲ್ಲ ಹೊಗಳತೊಡಗಿದರು. ಎರ್ಗೆಶ್ ನಕ್ಕ. ಆಮೇಲೆ ನಗು ನಿಲ್ಲಿಸಿದ.

"ಇದು ವ್ಯಾಪಾರದ ಮಾಲು. ಹಳ್ಳಿ ರೀತಿ ಇಲ್ಲಿ ನಡ್ಯೂದಿಲ್ಲ. ಸಾಪರ್!"

ನಾನು ಉಳಿದ ಅರ್ಧ ಕೌದಿಯನ್ನು ಎಳೆದು ಹೊಟ್ಟೆಗವಚಿಕೊಂಡೆ. ಕುತ್ತಿಗೆಗೆ ಪಟ್ಟಿ ಕಟ್ಟಿದ್ದ ಸಾಪರ್ ನನ್ನ ಹೊಟ್ಟೆಗೇ ಕಾಲೆತ್ತಿದ. ನಾನು ತಿರುಗಿದೆ, ಒದೆ ಬೆನ್ನಿಗೆ ಬಿತ್ತು. ಎರಡನೆಯ ಸಲ ಅವನು ಕಾಲೆತ್ತುವಷ್ಟರಲ್ಲಿ ಬಾತ್ಮಾ ಹುಡುಗಿಯ ಕೈಯಿಂದ ದೊಡ್ಡ ಕತ್ತರಿ ಕಿತ್ತು ಅವನ ತೊಡೆಗೆ ಹಿಡಿಕೆಯವರೆಗೆ ಇಳಿಸಿದಳು. ಆಮೇಲೆ ಯಾರು ಯಾರನ್ನು ಹೊಡೆದರೋ. ಎರ್ಗೆಶ್ ಅತ್ತೆಯ ಜುಟ್ಟು ಹಿಡಿದು ಅಂಗಳಕ್ಕೆ ಎಳೆದು ಬಿಸಾಕಿದ. ಅವಳ ಹಣೆ ಕಲ್ಲಿಗೆ ಬಡಿದು ಒಡೆಯಿತು. ನಾವು ತಂದ ರೊಟ್ಟಿಗಳು ಬೂಟುಗಾಲಿನ ಕೆಳಗೆ ಪುಡಿಯಾದವು.

ಅತ್ತೆ ಏಳಲಿಲ್ಲ. ಬಿದ್ದಲ್ಲೇ ಕುಳಿತು ಕೂದಲು ಬಿಚ್ಚಿದಳು. ಸತ್ತವರ ಮನೆಯಲ್ಲಿ ಹಾಡಿ ಅಳುವ ರಾಗ ತೆಗೆದಳು. ಅವಳ ಗಂಟಲು ಆಗಲೂ ಗಟ್ಟಿ. ಕುರುಬ ಬೊರಾನ್‌ಬಾಯ್ ಎಂದಳು, ಸೂಲಗಿತ್ತಿ ತೊಕ್ತೊಬುಬು ಎಂದಳು, ಆ ಕೌದಿಯೊಳಗಿದ್ದ ಒಬ್ಬೊಬ್ಬರ ಹೆಸರು ಹಿಡಿದು ಅತ್ತಳು.

ಆ ರಾಗ ಕಿವಿಗೆ ಬಿದ್ದರೆ ನಮ್ಮಲ್ಲಿ ಶತ್ರುವೂ ಮನೆಯಲ್ಲಿ ಕೂರುವಂತಿಲ್ಲ. ಇಡೀ ಬೀದಿ ಓಡಿಬಂತು. ಗಂಡಸರು ಟೋಪಿ ಸರಿಮಾಡಿಕೊಳ್ಳುತ್ತ, ಹೆಂಗಸರು ಹಿಟ್ಟಿನ ಕೈಯಲ್ಲೇ. ಗೇಟಿನಲ್ಲಿ ಹಿರಿಯನೊಬ್ಬ ಕೇಳಿದ, "ಯಾರು ಹೋದ್ರವ್ವಾ?"

"ನಮ್ಮ ಹಿರ್ಯಾರು ಹೋದ್ರಪಾ. ಮಣ್ಣಿಗೆ ಕೊಟ್ಟಾಗೂ ಹೋಗಿರಲಿಲ್ಲ. ಇವತ್ತ ಕತ್ತರಿಗೆ ಸಿಕ್ಕು ಹೋದ್ರು." ಅತ್ತೆ ಹಣೆಯ ರಕ್ತ ಒರೆಸಲಿಲ್ಲ. "ಮತ್ತ ಈ ಮನಿ ಎರ್ಗೆಶ್ ಹೋದ. ರೊಟ್ಟಿ ತಂದ ಅತಿಥಿ ರಕ್ತಾ ತನ್ನ ಅಂಗಳದಾಗ ಚೆಲ್ಲಿದಾವ ಬದುಕ್ಯಾನ ಅಂತ ಯಾರ್ ಅಂತೀರಿ? ಅಂದ್ರ ಅನ್ರಿ."

ಯಾರೂ ಅನ್ನಲಿಲ್ಲ. ಅವಳು ಅವನ ಹೆಸರು ಹಿಡಿದು ಹಾಡತೊಡಗಿದಳು. ನಾವೆಲ್ಲ ದನಿಗೂಡಿಸಿದೆವು. ಒಡೆದ ಬಾಯಲ್ಲಿ ನಾನೂ ಹಾಡಿದೆ. ಹೊಲಿಯುವ ಹುಡುಗಿಯರೂ ಕತ್ತರಿ ಕೆಳಗಿಟ್ಟು ಬಂದು ಕುಳಿತರು.

"ನಾ ಸತ್ತಿಲ್ಲರೋ! ಇಲ್ಲೇ ನಿಂತೀನಿ, ಕಣ್ಣು ಕಾಣೂದಿಲ್ಲೇನು?" ಎಂದು ಎರ್ಗೆಶ್ ಆ ಹಿರಿಯನ ಕೊರಳಪಟ್ಟಿ ಹಿಡಿದು ಅಲುಗಾಡಿಸಿದ.

ಹಿರಿಯ ರಕ್ತ ನೋಡಿದ, ತುಳಿದ ರೊಟ್ಟಿ ನೋಡಿದ. ನಿಧಾನಕ್ಕೆ ಅಂಗೈ ಎತ್ತಿ ಸತ್ತವರಿಗೆ ಹೇಳುವ ಪ್ರಾರ್ಥನೆ ಹೇಳಿ ಮುಖ ಸವರಿಕೊಂಡ. ಹಿಂದಿದ್ದವರೆಲ್ಲ ಮುಖ ಸವರಿಕೊಂಡರು. ಗೇಟಿನಿಂದ ಹೊರನಡೆದರು.

ಪೊಲೀಸರು ಬಂದರು, ಬಾರದೆ ಇರುತ್ತಾರೆಯೇ? ಲಾಠಿಯಲ್ಲಿ ನಮ್ಮನ್ನು ದನ ಬಡಿದಂತೆ ಬಡಿದು ಬೀದಿಗೆ ಅಟ್ಟಿದರು. ಬಾತ್ಮಾಳನ್ನು ಒಯ್ದರು. ಅವಳು ಈಗಲೂ ಜೈಲಿನಲ್ಲಿದ್ದಾಳೆ. ಅತ್ತೆಯ ಬೆರಳು ಮುರಿದದ್ದಕ್ಕೆ ಯಾರ ಮೇಲೂ ಕೇಸಿಲ್ಲ. ತುರ್ಗುನಾಲಿ ಕುಂಟುತ್ತಾನೆ. ಸಾಹೇಬನ ಕುರ್ಚಿಯ ಮೇಲೆ ಅದೇ ಕೌದಿ.

ಅರ್ಧ ಕೌದಿ ಮಾತ್ರ ನನ್ನ ಅಂಗಿಯೊಳಗೆ ಉಳಿಯಿತು. ಅದರ ಮೇಲೆಯೇ ಹಡೆದೆ. ಹೆಣ್ಣು. ಬದುಕಿದ್ದಾಳೆ, ಕಚ್ಚುತ್ತಾಳೆ. ಇನ್ನರ್ಧ ಯಾವ ಊರಲ್ಲಿ ಯಾರ ಮೈಮೇಲೆ ಕೋಟಾಗಿದೆಯೋ, ಅವರ ಮೈ ಉರಿಯಲಿ.

ಚಳಿಗಾಲ ಕಳೆದ ಮೇಲೆ ಕೂಸನ್ನು ಎತ್ತಿಕೊಂಡು ಪಟ್ಟಣದ ಸಂತೆಗೆ ಹೋಗಿದ್ದೆ. ರೊಟ್ಟಿ ಮಾರುವವಳ ಮುಂದೆ ಒಬ್ಬ ಗಂಡಸು ನಿಂತಿದ್ದ. ಬಟ್ಟೆ ಮಾಸಿತ್ತು. ಅಂಗೈಯಲ್ಲಿ ನೋಟು ಚಾಚಿ "ಒಂದು ರೊಟ್ಟಿ ಕೊಡವ್ವಾ, ಒಂದ" ಎನ್ನುತ್ತಿದ್ದ. ಅವಳು ಬೇರೆ ಕಡೆ ನೋಡುತ್ತ ನೊಣ ಓಡಿಸುತ್ತಿದ್ದಳು. ಅವನು ತಿರುಗಿದಾಗ ಗುರುತು ಸಿಕ್ಕಿತು. ಎರ್ಗೆಶ್. ನಾನು ಅವನ ಹಿಂದೆ ಸರದಿಗೆ ನಿಂತೆ.

ರೊಟ್ಟಿಯವಳು ಅವನ ಭುಜದ ಮೇಲಿಂದ ನನ್ನನ್ನು ನೋಡಿ ಕೈಬೀಸಿದಳು.

"ಯಾಕ ಅಲ್ಲೇ ನಿಂತಿ ತಂಗಿ? ಮುಂದ ಬಾ. ನಿನ್ನ ಮುಂದ ಯಾರೂ ಇಲ್ಲ."